ಹಳೆಯ ಮನೆ ಕಂಪ್ಯೂಟರಿಗೆ ಉಚಿತ ಆಪರೇಟಿಂಗ್ ಸಿಸ್ಟಮ್: ಆಯ್ಕೆಯಿಂದ ಅಳವಡಿಕೆಯವರೆಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲೇ ನಿಂತಿತ್ತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದನ್ನೋ ಅದಕ್ಕಿಂತ ಹೊಸದನ್ನೋ ಕೇಳುತ್ತದೆ. ಹೀಗಾಗಿ 2017ಕ್ಕಿಂತ ಹಿಂದೆ ಕೊಂಡ ಅಸಂಖ್ಯ ಮನೆ ಕಂಪ್ಯೂಟರುಗಳು, ಎಲ್ಲಿಯೂ ಕೆಡದೆ ಚೆನ್ನಾಗಿಯೇ ಇದ್ದರೂ, ಸುರಕ್ಷಿತವಾದ ವಿಂಡೋಸ್ ಇಲ್ಲದೆ ಮೂಲೆ ಸೇರುತ್ತಿವೆ. ವಿಂಡೋಸ್ 10ಕ್ಕೆ ಮನೆ ಬಳಕೆದಾರರು ಪಡೆಯಬಹುದಾದ ವಿಸ್ತರಿತ ಭದ್ರತಾ ಸೌಲಭ್ಯವೊಂದು ಇದೆಯಾದರೂ ಅದರ ಅವಧಿ 2026ರ ಅಕ್ಟೋಬರ್‌ವರೆಗೆ ಮಾತ್ರ.

ಇಂಥ ಯಂತ್ರಕ್ಕೆ ಹಣ ಕೊಡದೆ, ಕಾನೂನುಬದ್ಧವಾಗಿಯೇ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್‌ಗಳು ಹತ್ತಾರಿವೆ. ಅವುಗಳಲ್ಲಿ ಹೆಚ್ಚಿನವು 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ (ವ್ಯವಸ್ಥೆಯ ತಿರುಳು) ಮೇಲೆ ನಿಂತವು, ಅವನ್ನು ಸಾಮಾನ್ಯವಾಗಿ ಲಿನಕ್ಸ್ ಎಂದೇ ಕರೆಯುತ್ತಾರೆ. ಆಯ್ಕೆ ಹೆಚ್ಚಿರುವುದೇ ಹೊಸಬರಿಗೆ ತೊಡಕು. ಒಬ್ಬರು ಉಬುಂಟು ಎನ್ನುತ್ತಾರೆ, ಇನ್ನೊಬ್ಬರು ಮತ್ತೇನೋ ಹೇಳುತ್ತಾರೆ, ಕೇಳಿದವರು ಕೊನೆಗೆ ಹಳೆಯ ವಿಂಡೋಸ್‌ನಲ್ಲೇ ಉಳಿಯುತ್ತಾರೆ. ನನ್ನ ಮಟ್ಟಿಗೆ ಈ ಪ್ರಶ್ನೆಯನ್ನು ಯಂತ್ರದ ರ‍್ಯಾಮ್, ಪ್ರೊಸೆಸರ್ ಮತ್ತು ಅದರ ಮುಂದೆ ಕೂರುವವರ ಕೆಲಸ ಈ ಮೂರೇ ತೀರ್ಮಾನಿಸಬೇಕು. ಪರದೆಯ ಅಂದಚಂದಗಳ ವಿಚಾರ ಆಮೇಲಿನದು.

ಯಂತ್ರದಲ್ಲಿ ಏನಿದೆ ಎಂದು ನೋಡುವುದು

ವಿಂಡೋಸ್ 10 ಇರುವ ಯಂತ್ರದಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಅಬೌಟ್ ಎಂಬಲ್ಲಿಗೆ ಹೋದರೆ ಪ್ರೊಸೆಸರಿನ ಹೆಸರು, ರ‍್ಯಾಮ್ ಪ್ರಮಾಣ ಮತ್ತು ಸಿಸ್ಟಮ್ ಟೈಪ್ ಎಂಬ ಸಾಲು ಕಾಣುತ್ತವೆ. ಈ ಕೊನೆಯ ಸಾಲನ್ನು ಪೂರ್ತಿ ಓದಬೇಕು, ಏಕೆಂದರೆ ಯಂತ್ರ 32 ಬಿಟ್ ಎಂಬ ಹಳೆಯ ಬಗೆಯದೋ 64 ಬಿಟ್ ಎಂಬ ಹೊಸ ಬಗೆಯದೋ ಎಂದು ಅದು ಹೇಳುತ್ತದೆ. ಮೊದಲರ್ಧದಲ್ಲಿ 32 ಬಿಟ್ ಆಪರೇಟಿಂಗ್ ಸಿಸ್ಟಮ್ ಎಂದಿದ್ದು ಎರಡನೆಯ ಅರ್ಧದಲ್ಲಿ ಎಕ್ಸ್64 ಪ್ರೊಸೆಸರ್ ಎಂದಿದ್ದರೆ, ಯಂತ್ರ 64 ಬಿಟ್‌ನದೇ, ಹಿಂದೆ ಯಾರೋ ಅದಕ್ಕೆ 32 ಬಿಟ್ ವಿಂಡೋಸ್ ಹಾಕಿಕೊಟ್ಟಿದ್ದಾರೆ ಎಂದರ್ಥ. 2006ರಿಂದೀಚೆಗೆ ಬಂದ ಇಂಟೆಲ್ ಕೋರ್ 2 ಡ್ಯುಯೊ ಮತ್ತು ಅದರ ನಂತರದ ಕೋರ್ ಸರಣಿಯ ಪ್ರೊಸೆಸರುಗಳೆಲ್ಲ 64 ಬಿಟ್‌ನವು. ನಿಜವಾಗಿಯೂ 32 ಬಿಟ್‌ಗೆ ಸೀಮಿತವಾಗಿರುವವು ಹಳೆಯ ಪೆಂಟಿಯಂಗಳು ಮತ್ತು 2008ರ ಸುಮಾರಿಗೆ ಬಂದ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆ್ಯಟಮ್ ಎನ್270ಯಂಥ ಚಿಪ್ಪುಗಳು.

ಮುಂದೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಎಂಬಲ್ಲಿ ಡಿಸ್ಕ್ ಯಾವ ಬಗೆಯದೆಂದು ನೋಡಿ. ಅಲ್ಲಿ ಎಚ್‌ಡಿಡಿ ಎಂದಿದ್ದರೆ, ಅಂದರೆ ಒಳಗೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ, ಮುಂದಿನದನ್ನೆಲ್ಲ ಮಾಡುವ ಮೊದಲು ತಿರುಗುವ ಭಾಗಗಳಿಲ್ಲದ, 240 ಅಥವಾ 256 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಕೊಳ್ಳುವುದು ಒಳ್ಳೆಯದು. ಉಚಿತದ ಲೇಖನದಲ್ಲಿ ಖರ್ಚಿನ ಮಾತೇಕೆ ಎಂದು ಅನ್ನಿಸಬಹುದು. ಆದರೆ ಹಳೆಯ ಕಂಪ್ಯೂಟರ್ ನಿಧಾನವಾಗಲು ಪ್ರೊಸೆಸರಿಗಿಂತ ಹಾರ್ಡ್ ಡಿಸ್ಕೇ ಹೆಚ್ಚಿನ ಸಲ ಕಾರಣವಾಗಿರುತ್ತದೆ, ಮತ್ತು ಆಪರೇಟಿಂಗ್ ಸಿಸ್ಟಮ್ ಬದಲಿಸಿ ಸಿಗುವ ವೇಗಕ್ಕಿಂತ ಎಸ್‌ಎಸ್‌ಡಿ ಹಾಕಿ ಸಿಗುವ ವೇಗ ದೊಡ್ಡದು. ಹಳೆಯ ಲ್ಯಾಪ್‌ಟಾಪ್‌ಗೆ ಬೇಕಾದ ಡಿಡಿಆರ್3 ರ‍್ಯಾಮ್ ಪಟ್ಟಿಯೂ ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಬಳಸಿದ್ದು ಸಿಗುತ್ತದೆ. 2 ಜಿಬಿಯನ್ನು 4 ಜಿಬಿ ಮಾಡಿಕೊಂಡರೆ ಆಯ್ಕೆಯ ಕಷ್ಟವೇ ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು ಸಣ್ಣ ಸಂಗತಿ. ಕಂಪ್ಯೂಟರನ್ನು ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿರುತ್ತದೆಯೇ, ಬ್ರೌಸರ್ ಯಾವ ಪುಟ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎನ್ನುತ್ತದೆಯೇ? ಅದು ವೈರಸ್ಸಲ್ಲ. ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ಬಿಲ್ಲೆಯಾಕಾರದ ಬ್ಯಾಟರಿ ಸತ್ತಿರುತ್ತದೆ. ದಿನಾಂಕ ತಪ್ಪಿದ್ದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಬ್ರೌಸರಿಗೆ ಅಸಿಂಧುವಾಗಿ ಕಾಣುತ್ತವೆ. ಯಾವ ಲಿನಕ್ಸ್ ಹಾಕಿದರೂ ಈ ತೊಂದರೆ ಹಾಗೇ ಉಳಿಯುವುದರಿಂದ ಬ್ಯಾಟರಿಯನ್ನು ಮೊದಲೇ ಬದಲಿಸಿಬಿಡಿ.

ಬದಲಿಸದಿರುವುದೇ ಒಳ್ಳೆಯದಾಗುವ ಮನೆಗಳು

ಮನೆಯ ಕಂಪ್ಯೂಟರಿನಲ್ಲೇ ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವವರು ಈ ಹಾದಿ ಹಿಡಿಯಬಾರದು, ಏಕೆಂದರೆ ಟ್ಯಾಲಿಗೆ ವಿಂಡೋಸೇ ಬೇಕು. ವೈನ್ ಎಂಬ ತಂತ್ರಾಂಶದ ಮೂಲಕ ವಿಂಡೋಸ್ ಕಾರ್ಯಕ್ರಮಗಳನ್ನು ಲಿನಕ್ಸ್‌ನಲ್ಲಿ ನಡೆಸಬಹುದೆಂಬುದು ನಿಜ. ಆದರೆ ಜೀವನೋಪಾಯದ ಲೆಕ್ಕವನ್ನು ಅದರ ಮೇಲೆ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ತೆರಿಗೆ ಸಲ್ಲಿಕೆಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಿಗೂ ಇದೇ ಮಾತು: ಲಿನಕ್ಸ್‌ನಲ್ಲಿ ಆ ಟೋಕನ್ನನ್ನು ನಡೆಸುವುದು ಹೊಸಬರಿಗೆ ತಲೆನೋವಿನ ಕೆಲಸ.

ಬ್ರೌಸರ್, ಯೂಟ್ಯೂಬ್, ಇಮೇಲ್, ನೆಟ್ ಬ್ಯಾಂಕಿಂಗ್, ಮಕ್ಕಳ ಆನ್‌ಲೈನ್ ಪಾಠ, ವೆಬ್‌ನಲ್ಲಿ ವಾಟ್ಸ್‌ಆ್ಯಪ್, ಆಗಾಗ ಒಂದು ಪತ್ರ, ಒಂದು ಪಟ್ಟಿ ಇಷ್ಟೇ ಕೆಲಸವಿರುವ ಮನೆಗೆ ಯಾವ ಅಡ್ಡಿಯೂ ಇಲ್ಲ.

ಯಾರಿಗೆ ಯಾವುದು

4 ಜಿಬಿ ರ‍್ಯಾಮ್ ಇದ್ದು 64 ಬಿಟ್ ಪ್ರೊಸೆಸರ್ ಇದ್ದರೆ ನನ್ನ ಉತ್ತರ ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ. 2006ರಲ್ಲಿ ಕ್ಲೆಮೆಂಟ್ ಲೆಫೆಬ್ರ್ ಆರಂಭಿಸಿದ ಈ ವ್ಯವಸ್ಥೆ ಉಬುಂಟುವನ್ನು ಆಧರಿಸಿದ್ದರೂ ಬಳಕೆಯಲ್ಲಿ ಅದಕ್ಕಿಂತ ವಿಂಡೋಸಿಗೆ ಹತ್ತಿರ: ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. ವರ್ಷಗಟ್ಟಲೆ ವಿಂಡೋಸ್ 7 ಬಳಸಿದ ಹಿರಿಯರೊಬ್ಬರನ್ನು ಅದರ ಮುಂದೆ ಕೂರಿಸಿದರೆ ಅವರು ಕೇಳುವ ಪ್ರಶ್ನೆಗಳು ಕಡಿಮೆ. ಮಿಂಟ್ ಮೂರು ಮುಖಗಳಲ್ಲಿ ಬರುತ್ತದೆ. ಸಿನಮನ್ ಎಲ್ಲಕ್ಕಿಂತ ಸುಂದರ, ಎಲ್ಲಕ್ಕಿಂತ ಭಾರ, ಎಕ್ಸ್‌ಎಫ್‌ಸಿಇ ಹಗುರ, ಮಾಟೆ ನಡುವಿನದು. 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವವರು ಸಿನಮನ್‌ಗೇ ಹೋಗಬಹುದು. ಮಿಂಟ್‌ನವರು ಹೇಳುವ ಕನಿಷ್ಠ ಅಗತ್ಯ 2 ಜಿಬಿ ರ‍್ಯಾಮ್ ಮತ್ತು 20 ಜಿಬಿ ಡಿಸ್ಕ್ ಜಾಗ. ಆರಾಮವಾಗಿರಲು 4 ಜಿಬಿ ಬೇಕೆಂದು ಅವರೇ ಹೇಳುತ್ತಾರೆ. ಅದರ 22ನೇ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ.

ಹೆಸರು ಹೆಚ್ಚು ಕೇಳಿಬರುವ ಉಬುಂಟುವನ್ನೇ ಏಕೆ ಹೇಳುತ್ತಿಲ್ಲವೆಂದರೆ, ಅದರ ಮುಖ್ಯ ಆವೃತ್ತಿಯ ಡೆಸ್ಕ್‌ಟಾಪ್ ಹಳೆಯ ಯಂತ್ರಕ್ಕೆ ಭಾರ, ಮತ್ತು ಅದು ಫೈರ್‌ಫಾಕ್ಸನ್ನು ಸ್ನ್ಯಾಪ್ ಎಂಬ ಪೊಟ್ಟಣದ ರೂಪದಲ್ಲಿ ಕೊಡುವುದರಿಂದ ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಬ್ರೌಸರ್ ಮೊದಲ ಸಲ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಮಿಂಟ್ 2020ರಿಂದಲೇ ಸ್ನ್ಯಾಪನ್ನು ಹೊರಗಿಟ್ಟಿದೆ.

ರ‍್ಯಾಮ್ 2 ಜಿಬಿ ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಪ್ರೊಸೆಸರ್ 32 ಬಿಟ್‌ನದಾಗಿದ್ದರೆ ಹಾದಿ ಕಿರಿದಾಗುತ್ತದೆ. ಉಬುಂಟು ಬಹಳ ಹಿಂದೆಯೇ 32 ಬಿಟ್ ಕೈಬಿಟ್ಟಿತು, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ 13ನೇ ಆವೃತ್ತಿಯಲ್ಲಿಯೂ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ 12ನ್ನು ಆಧರಿಸಿದ ಆ್ಯಂಟಿಎಕ್ಸ್ 23 ಇಂಥ ಯಂತ್ರಗಳಿಗೆ ಇನ್ನೂ ಹೊಂದುತ್ತದೆ. ನೋಡಲು ಸಪ್ಪೆ, ಆದರೆ ಅಚ್ಚರಿಯೆನಿಸುವಷ್ಟು ಹಗುರ. 2003ರಿಂದ ನಡೆದುಬಂದಿರುವ ಪಪ್ಪಿ ಲಿನಕ್ಸ್ ಪೂರ್ತಿಯಾಗಿ ರ‍್ಯಾಮ್‌ನಲ್ಲೇ ಓಡಬಲ್ಲದು, ಆದರೆ ಅದರ ರೀತಿನೀತಿ ಬೇರೆಯಾದ್ದರಿಂದ ಹೊಸಬರಿಗೆ ನಾನು ಸೂಚಿಸುವುದಿಲ್ಲ. ಇಲ್ಲೊಂದು ಕಹಿ ಸತ್ಯವನ್ನೂ ಹೇಳಬೇಕು: ಆಪರೇಟಿಂಗ್ ಸಿಸ್ಟಮ್ ಎಷ್ಟೇ ಹಗುರವಾಗಿದ್ದರೂ ಇಂದಿನ ಜಾಲತಾಣಗಳು ಹಗುರವಾಗಿಲ್ಲ. 1 ಜಿಬಿ ರ‍್ಯಾಮ್‌ನಲ್ಲಿ ಬ್ರೌಸರಿನ ಎರಡು ಟ್ಯಾಬ್ ತೆರೆಯುವಷ್ಟರಲ್ಲೇ ಯಂತ್ರ ಏದುಸಿರು ಬಿಡುತ್ತದೆ. ಅಂಥದ್ದನ್ನು ಬರವಣಿಗೆಗೋ ಹಾಡು ಕೇಳಲಿಕ್ಕೋ ಮೀಸಲಿಡುವುದು ಲೇಸು.

ಬ್ರೌಸರ್ ಬಿಟ್ಟು ಬೇರೇನನ್ನೂ ತೆರೆಯದ ಮನೆಗೆ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಕೂಡ ಉಚಿತವಾಗಿ ಸಿಗುತ್ತದೆ. ಅದಕ್ಕೆ 4 ಜಿಬಿ ರ‍್ಯಾಮ್ ಮತ್ತು 16 ಜಿಬಿ ಜಾಗ ಬೇಕು. ನಿರ್ವಹಣೆಯ ಗೊಡವೆಯೇ ಇಲ್ಲ, ನಿಜ. ಆದರೆ ಅದು ಡಿಸ್ಕನ್ನು ಪೂರ್ತಿ ಅಳಿಸಿಯೇ ಕೂರುತ್ತದೆ, ಪಕ್ಕದಲ್ಲಿ ವಿಂಡೋಸ್ ಉಳಿಸಿಕೊಳ್ಳಲಾಗದು, ಆ್ಯಂಡ್ರಾಯ್ಡ್ ಆ್ಯಪ್‌ಗಳೂ ಅದರಲ್ಲಿ ನಡೆಯವು.

ಮುಂದಿನ ಹೆಜ್ಜೆಗಳನ್ನು ಮಿಂಟ್ ಎಕ್ಸ್‌ಎಫ್‌ಸಿಇ ಇಟ್ಟುಕೊಂಡು ವಿವರಿಸುತ್ತೇನೆ. ಉಳಿದವುಗಳಲ್ಲಿಯೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಕಡತಗಳ ಪ್ರತಿ, ಆಮೇಲೆ ಪೆನ್ ಡ್ರೈವ್

ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಒಂದೇ ಹಾರ್ಡ್ ಡಿಸ್ಕನ್ನು ಸಿ, ಡಿ, ಇ ಎಂದು ಹೋಳು ಮಾಡಿಕೊಡುವ ರೂಢಿಯಿದೆ. ಸಿ ಡ್ರೈವ್ ಹೋದರೂ ಡಿ ಡ್ರೈವ್‌ನಲ್ಲಿರುವ ಮದುವೆಯ ಫೋಟೊಗಳು ಉಳಿಯುತ್ತವೆ ಎಂಬ ನಂಬಿಕೆ ಅದರಿಂದಲೇ ಬಂದದ್ದು, ಮತ್ತು ವಿಂಡೋಸ್ ಮರುಸ್ಥಾಪಿಸುವಾಗ ಅದು ನಿಜವೂ ಹೌದು. ಆದರೆ ಲಿನಕ್ಸ್ ಇನ್‌ಸ್ಟಾಲರಿನಲ್ಲಿ ಇಡೀ ಡಿಸ್ಕ್ ಅಳಿಸುವ ಆಯ್ಕೆ ಒತ್ತಿದರೆ ಸಿ, ಡಿ, ಇ ಮೂರೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಎಲ್ಲವನ್ನೂ ಬೇರೊಂದು ಬಾಹ್ಯ ಡಿಸ್ಕಿಗೆ ನಕಲಿಸಿ, ಆ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ ನಾಲ್ಕು ಫೋಟೊ, ನಾಲ್ಕು ಕಡತ ತೆರೆದು ನೋಡಿ, ಕಿತ್ತು ಬೀರುವಿನಲ್ಲಿಡಿ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರುಗಳನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳಿದ್ದರೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಆ ಅಕ್ಷರಶೈಲಿಗಳನ್ನೂ ಎತ್ತಿಟ್ಟುಕೊಳ್ಳಿ, ಅವು ಮುಂದೆ ಬೇಕಾಗುತ್ತವೆ.

ಮಿಂಟ್‌ನ ಐಎಸ್‌ಒ (ಇಡೀ ವ್ಯವಸ್ಥೆಯನ್ನು ಒಳಗೊಂಡ ಒಂದೇ ಕಡತ) ಸುಮಾರು 3 ಜಿಬಿ ಇರುತ್ತದೆ. ಅದನ್ನು ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಇಳಿದ ಕಡತ ಸರಿಯಿದೆಯೇ ಎಂದು ಪರಿಶೀಲಿಸಲು ತಾಣದಲ್ಲೇ ಎಸ್‌ಎಚ್‌ಎ256 ಎಂಬ ಉದ್ದನೆಯ ಸಂಕೇತವನ್ನು ಕೊಟ್ಟಿರುತ್ತಾರೆ. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ ಆ ಸಂಕೇತವನ್ನು ಲೆಕ್ಕ ಹಾಕಿಸಿ ಹೋಲಿಸಬಹುದು. ಇದು ಅತಿ ಎಚ್ಚರಿಕೆಯೇನಲ್ಲ: 2016ರ ಫೆಬ್ರವರಿಯಲ್ಲಿ ದುಷ್ಕರ್ಮಿಗಳು ಮಿಂಟ್ ತಾಣಕ್ಕೇ ನುಗ್ಗಿ, ಡೌನ್‌ಲೋಡ್ ಕೊಂಡಿಯನ್ನು ತಮ್ಮ ಕಳ್ಳ ಐಎಸ್‌ಒ ಕಡೆಗೆ ತಿರುಗಿಸಿದ್ದುಂಟು. ಅಂದು ಪರಿಶೀಲಿಸಿದವರು ಬಚಾವಾದರು. ಹೀಗೆ ಕೊಂಡಿ ತಿರುಗಿಸುವವರು ತಾಣದ ಸಂಕೇತವನ್ನೂ ಬದಲಿಸಬಲ್ಲರಾದ್ದರಿಂದ, ಸಂಕೇತವನ್ನು ಅದೇ ಕಡತಗಳ ಪ್ರತಿ ಇಟ್ಟಿರುವ ಇನ್ನೊಂದು ಮಿರರ್ ತಾಣದಲ್ಲಿರುವುದರೊಂದಿಗೆ ತಾಳೆ ನೋಡುವುದು ಇನ್ನೂ ಒಳ್ಳೆಯದು.

8 ಜಿಬಿಯ ಖಾಲಿ ಪೆನ್ ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿದುಹೋಗುತ್ತದೆ. ಐಎಸ್‌ಒವನ್ನು ಹಾಗೇ ನಕಲಿಸಿದರೆ ಪ್ರಯೋಜನವಿಲ್ಲ. ರೂಫಸ್ ಅಥವಾ ಬಲೇನಾ ಎಚ್ಚರ್ ಎಂಬ ಉಚಿತ ಸಾಧನದಿಂದ ಬರೆಯಬೇಕು. ಎಚ್ಚರ್‌ನಲ್ಲಿ ಕಡತ, ಡ್ರೈವ್, ಆರಂಭ ಎಂಬ ಮೂರೇ ಗುಂಡಿಗಳಿರುವುದರಿಂದ ಹೊಸಬರಿಗೆ ಅದು ಸುಲಭ. ರೂಫಸ್ ಬಳಸುವವರು ತೀರ ಹಳೆಯ ಯಂತ್ರಕ್ಕೆ ಪಾರ್ಟಿಶನ್ ಬಗೆಯಾಗಿ ಎಂಬಿಆರ್ ಆರಿಸಲಿ.

ಅಳವಡಿಸುವ ಮೊದಲು ಓಡಿಸಿ ನೋಡುವುದು

ಲಿನಕ್ಸ್‌ನ ದೊಡ್ಡ ಅನುಕೂಲವೆಂದರೆ ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವ್‌ನಿಂದಲೇ ಪೂರ್ತಿ ಡೆಸ್ಕ್‌ಟಾಪ್ ತೆರೆದು ಪರೀಕ್ಷಿಸಬಹುದು. ಯಂತ್ರ ಆನ್ ಮಾಡಿದ ಕೂಡಲೇ ಯಾವ ಡಿಸ್ಕಿನಿಂದ ಆರಂಭಿಸಬೇಕೆಂದು ಕೇಳುವ ಬೂಟ್ ಮೆನುವಿನ ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಬೇಕು. ಡೆಲ್, ಲೆನೊವೊ, ಏಸರ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಬಿಡಿಭಾಗ ಜೋಡಿಸಿ ಕಟ್ಟಿಸಿದ ಪಿಸಿಯಾದರೆ ಮದರ್‌ಬೋರ್ಡಿನ ಮೇಲೆ ಹೋಗುತ್ತದೆ, ಗಿಗಾಬೈಟ್‌ನಲ್ಲಿ ಎಫ್12, ಎಂಎಸ್ಐಯಲ್ಲಿ ಎಫ್11. ಬಂದ ಪಟ್ಟಿಯಲ್ಲಿ ಪೆನ್ ಡ್ರೈವ್ ಹೆಸರನ್ನು ಆರಿಸಿ. ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದು ಪರದೆ ಕಪ್ಪಾಗಿಯೇ ಉಳಿದರೆ ಮತ್ತೆ ಆರಂಭಿಸಿ, ಮಿಂಟ್ ಮೆನುವಿನಲ್ಲಿ ಕಾಂಪಾಟಿಬಿಲಿಟಿ ಮೋಡ್ ಆರಿಸಬೇಕು.

ಡೆಸ್ಕ್‌ಟಾಪ್ ಬಂದ ಮೇಲೆ ಅವಸರ ಬೇಡ. ವೈಫೈ ಪಟ್ಟಿಯಲ್ಲಿ ಮನೆಯ ರೂಟರ್ ಕಾಣುತ್ತದೆಯೇ, ಯೂಟ್ಯೂಬ್‌ನಲ್ಲಿ ಧ್ವನಿ ಬರುತ್ತದೆಯೇ, ಕ್ಯಾಮರಾ ಹತ್ತುತ್ತದೆಯೇ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಮುದ್ರಕ ಸ್ಪಂದಿಸುತ್ತದೆಯೇ ಇವನ್ನೆಲ್ಲ ನೋಡಿ. ಪೆನ್ ಡ್ರೈವ್‌ನಿಂದ ಓಡುವಾಗ ಎಲ್ಲವೂ ನಿಧಾನವಾಗಿರುವುದು ಸಹಜ, ವೇಗವನ್ನು ಈಗಲೇ ಅಳೆಯಬೇಡಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿರುವ ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್ಪುಗಳು ಈ ಹಂತದಲ್ಲಿ ಕೆಲಸ ಮಾಡುವುದಿಲ್ಲ. ಅವಕ್ಕೆ ಬೇಕಾದ ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು ಎಂಬ ಸುತ್ತಿನಲ್ಲಿ ಸಿಕ್ಕಿಬೀಳುವವರು ತಮ್ಮ ಆ್ಯಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು, ಮಿಂಟ್ ಅದನ್ನು ತಂತಿಯ ಸಂಪರ್ಕವೆಂದೇ ಗುರುತಿಸುತ್ತದೆ.

ಇದೇ ಹಂತದಲ್ಲಿ ಮೆನುವಿನಿಂದ ಡಿಸ್ಕ್ಸ್ ಎಂಬ ಸಾಧನ ತೆರೆದು, ಹಳೆಯ ಹಾರ್ಡ್ ಡಿಸ್ಕನ್ನು ಆರಿಸಿ ಅದರ ಸ್ಮಾರ್ಟ್ ಮಾಹಿತಿಯನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟಿರುವ ಲೆಕ್ಕವನ್ನು, ನೋಡಿ. ರೀಅಲೊಕೇಟೆಡ್ ಸೆಕ್ಟರ್ ಎಂಬ ಸಾಲಿನಲ್ಲಿ ಸೊನ್ನೆಯ ಬದಲು ದೊಡ್ಡ ಸಂಖ್ಯೆಯಿದ್ದರೆ ಡಿಸ್ಕ್ ಸಾಯುತ್ತಿದೆ ಎಂದರ್ಥ. ಅದರ ಮೇಲೆ ಹೊಸದನ್ನು ಹಾಕಿ ಶ್ರಮ ವ್ಯರ್ಥ ಮಾಡಬೇಡಿ.

ಅಳವಡಿಕೆ

ಡೆಸ್ಕ್‌ಟಾಪಿನ ಮೇಲಿರುವ ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಚಿಹ್ನೆಯನ್ನು ಒತ್ತಿದರೆ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಕೀಲಿಮಣೆ ವಿನ್ಯಾಸ ಕೇಳಿದಾಗ ಅಭಿಮಾನದಿಂದ ಕನ್ನಡ ಆರಿಸಬೇಡಿ. ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕಾದ್ದರಿಂದ ಅಮೆರಿಕನ್ ಇಂಗ್ಲಿಷ್ ವಿನ್ಯಾಸವನ್ನೇ ಇಟ್ಟುಕೊಂಡು ಕನ್ನಡವನ್ನು ಆಮೇಲೆ ಸೇರಿಸುವುದು ಸರಿ. ಮಲ್ಟಿಮೀಡಿಯಾ ಕೋಡೆಕ್‌ಗಳ ಚೌಕಕ್ಕೆ ಗುರುತು ಹಾಕಿ, ಇಲ್ಲದಿದ್ದರೆ ಕೆಲವು ವೀಡಿಯೊ ಓಡುವುದಿಲ್ಲ.

ಮುಂದಿನ ಪ್ರಶ್ನೆಯೇ ಮುಖ್ಯ: ಡಿಸ್ಕ್ ಪೂರ್ತಿ ಅಳಿಸಿ ಮಿಂಟ್ ಹಾಕುವುದೋ, ವಿಂಡೋಸ್ ಪಕ್ಕದಲ್ಲಿ ಹಾಕುವುದೋ. ಹೊಸ ಎಸ್‌ಎಸ್‌ಡಿ ಹಾಕಿಕೊಂಡವರು ಮೊದಲನೆಯದನ್ನು ನಿಶ್ಚಿಂತೆಯಿಂದ ಒತ್ತಬಹುದು, ಆದರೆ ಹಳೆಯ ಡಿಸ್ಕೂ ಜೋಡಿಸಿದ್ದರೆ ಯಾವ ಡಿಸ್ಕ್ ಹೆಸರು ತೋರಿಸುತ್ತಿದೆ ಎಂದು ಎರಡು ಸಲ ನೋಡಿಕೊಳ್ಳಬೇಕು. ಎರಡೂ ಇರಲಿ ಎನ್ನುವವರು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನು ಮೊದಲೇ ಆಫ್ ಮಾಡಿ, ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಂಡು ಬರಬೇಕು. ಎರಡನ್ನೂ ಇಟ್ಟುಕೊಂಡವರಿಗೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುವ ವಿಚಿತ್ರವೂ ಎದುರಾಗುತ್ತದೆ: ಯಂತ್ರದ ಒಳ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಹಳೆಯ ಯಂತ್ರದಲ್ಲಿ, ವಿಂಡೋಸ್ ನಿಜಕ್ಕೂ ಬೇಕಾಗದಿದ್ದರೆ, ಒಂದನ್ನೇ ಇಟ್ಟುಕೊಳ್ಳುವುದು ನೆಮ್ಮದಿ.

ಸಮಯ ವಲಯ ಕೋಲ್ಕತ್ತ. ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಹಳೆಯ ಪ್ರೊಸೆಸರಿಗೆ ಹೊರೆ, ಬಿಟ್ಟುಬಿಡಿ. ಪಾಸ್‌ವರ್ಡನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದಿಡಿ, ಏಕೆಂದರೆ ಮುಂದೆ ಯಾವ ತಂತ್ರಾಂಶ ಹಾಕಬೇಕಾದರೂ ಅದನ್ನೇ ಕೇಳುತ್ತದೆ. ಎಸ್‌ಎಸ್‌ಡಿಯಲ್ಲಾದರೆ ಸುಮಾರು ಅರ್ಧ ಗಂಟೆಯೊಳಗೆ ಎಲ್ಲ ಮುಗಿದು, ಪೆನ್ ಡ್ರೈವ್ ತೆಗೆದು ಎಂಟರ್ ಒತ್ತಿ ಎಂಬ ಸೂಚನೆ ಬರುತ್ತದೆ.

ಕನ್ನಡ, ಮುದ್ರಕ ಮತ್ತು ಉಳಿದ ಹೊಂದಾಣಿಕೆ

ಮೊದಲು ಅಪ್‌ಡೇಟ್ ಮ್ಯಾನೇಜರ್ ತೆರೆದು ಬಾಕಿಯಿರುವುದನ್ನೆಲ್ಲ ಹಾಕಿಸಿ, ಡ್ರೈವರ್ ಮ್ಯಾನೇಜರ್‌ನಲ್ಲಿ ವೈಫೈ ಅಥವಾ ಗ್ರಾಫಿಕ್ಸ್‌ಗೆ ಏನಾದರೂ ಸೂಚಿಸಿದ್ದರೆ ಒಪ್ಪಿಕೊಳ್ಳಿ. ಟೈಮ್‌ಶಿಫ್ಟ್ ಎಂಬ ಸಾಧನದಲ್ಲಿ ವ್ಯವಸ್ಥೆಯ ಪ್ರತಿಗಳನ್ನು ಉಳಿಸುವ ಏರ್ಪಾಡು ಮಾಡಿ. ಚಿಕ್ಕ ಡಿಸ್ಕಾದರೆ ಒಂದೆರಡು ಪ್ರತಿ ಸಾಕು. ಬ್ರೌಸರಿಗೆ ಯುಬ್ಲಾಕ್ ಒರಿಜಿನ್ ಸೇರಿಸಿದರೆ ಜಾಹೀರಾತುಗಳು ತೊಲಗುತ್ತವೆ, ಅವು ತಿನ್ನುವ ರ‍್ಯಾಮ್ ಕೂಡ ಉಳಿಯುತ್ತದೆ.

ಕನ್ನಡ ಓದಲು ಹೆಚ್ಚೇನೂ ಮಾಡಬೇಕಿಲ್ಲ. ಚೆಂದದ ಅಕ್ಷರ ಬೇಕೆನ್ನುವವರು ನವಿಲು ಮತ್ತು ಗುಬ್ಬಿ ಫಾಂಟ್‌ಗಳನ್ನು ತಂತ್ರಾಂಶ ಭಂಡಾರದಿಂದಲೇ ಹಾಕಿಕೊಳ್ಳಬಹುದು. ಬರೆಯಲು, ತಂತ್ರಾಂಶ ಹಾಕಿಕೊಳ್ಳುವ ಸಿನಾಪ್ಟಿಕ್ ಎಂಬ ಸಾಧನದಲ್ಲಿ ಐಬಸ್ (ibus) ಮತ್ತು ಐಬಸ್ ಎಂ17ಎನ್ (ibus-m17n) ಎಂಬ ಎರಡು ಪೊಟ್ಟಣಗಳನ್ನು ಹುಡುಕಿ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದು, ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂಬುದನ್ನು ಸೇರಿಸಿ. ಕನ್ನಡ ಗಣಕ ಪರಿಷತ್ತಿನ ಈ ವಿನ್ಯಾಸ ನುಡಿಯಲ್ಲಿ ಬೆರಳಚ್ಚು ಮಾಡಿದವರ ಕೈಗೆ ಪರಿಚಿತ. ಒತ್ತಕ್ಷರಕ್ಕೆ ಎಫ್ ಕೀಲಿಯೇ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಅಲ್ಲೇ ಇದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಲಿಬ್ರೆ ಆಫೀಸಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಂಡರೆ, ಎತ್ತಿಟ್ಟುಕೊಂಡಿದ್ದ ಫಾಂಟ್‌ಗಳನ್ನು ಹೋಮ್ ಫೋಲ್ಡರಿನಲ್ಲಿ ಚುಕ್ಕಿ ಫಾಂಟ್ಸ್ (.fonts) ಎಂಬ ಮರೆ ಫೋಲ್ಡರ್ ಮಾಡಿ ಅದರೊಳಗೆ ಹಾಕಿದರೆ ಓದಲು ಬರುತ್ತವೆ. ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಬರೆದ ವರ್ಡ್ ಕಡತಗಳು ತೆರೆದುಕೊಂಡರೂ ಸಾಲುಗಳು ಆಚೀಚೆ ಆಗುತ್ತವೆ, ಆದ್ದರಿಂದ ಕಚೇರಿಗೆ ಕಳಿಸುವುದನ್ನು ಪಿಡಿಎಫ್ ಮಾಡಿಯೇ ಕಳಿಸಿ.

ಮುದ್ರಕದ ವಿಷಯ ಅದೃಷ್ಟವನ್ನು ಅವಲಂಬಿಸಿದೆ ಎನ್ನಬಹುದು. ಈಚಿನ ವರ್ಷಗಳ ವೈಫೈ ಮುದ್ರಕಗಳು ಹೆಚ್ಚಾಗಿ ತಾವಾಗಿಯೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ನಮ್ಮಲ್ಲಿ ಮನೆಮನೆಯಲ್ಲಿರುವ ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪಿಲಿಪ್ ಎಂಬ ಡ್ರೈವರ್ ಜೊತೆಗೆ ಎಚ್‌ಪಿಯದೇ ಒಂದು ಪ್ಲಗಿನ್ ಬೇಕು. ಎಚ್‌ಪಿ ಟೂಲ್‌ಬಾಕ್ಸಿನಿಂದ ಮುದ್ರಕವನ್ನು ಸೇರಿಸುವಾಗ ಇಂಟರ್ನೆಟ್ ಇದ್ದರೆ ಅದು ತಾನೇ ಇಳಿಸಿಕೊಳ್ಳುತ್ತದೆ. ಅಷ್ಟೇ ವ್ಯಾಪಕವಾಗಿರುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಕ್ಯಾಪ್ಟ್ ಎಂಬ ತನ್ನದೇ ಭಾಷೆ ಆಡುವುದರಿಂದ ಲಿನಕ್ಸ್‌ನಲ್ಲಿ ಅದನ್ನು ನಡೆಸಲು ಸಾಕಷ್ಟು ಪಾಡು ಪಡಬೇಕು. ಆ ಮುದ್ರಕವೇ ಮನೆಯ ಮುಖ್ಯ ಕೆಲಸವಾಗಿದ್ದರೆ, ಮುದ್ರಕ ಬದಲಿಸುವವರೆಗೆ ವಿಂಡೋಸನ್ನು ಒಂದು ಹೋಳಿನಲ್ಲಿ ಉಳಿಸಿಕೊಂಡು, ಅದಕ್ಕೆ ಇಂಟರ್ನೆಟ್ ಕೊಡದೆ, ಮುದ್ರಣಕ್ಕೆ ಮಾತ್ರ ಬಳಸಿ.